ಹಳೆಯ ತೋಟಾ, ಹೊಸ ಬಂದೂಕು

1932ರಲ್ಲಿ ಅಮೆರಿಕದ ಸರ್ಕಾರದ ಕೈ ಬಿಗಿಯಾಗಿತ್ತು. ಬ್ಯಾಂಕುಗಳು ಮುಳುಗುತ್ತಿದ್ದವು, ಊರೂರಲ್ಲಿ ಕೆಲಸ ಕಳೆದುಕೊಂಡವರ ಸಾಲು ಬೆಳೆಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಮಾಜಿ ಸೈನಿಕರು ಬೋನಸ್ ಹಣವನ್ನು ಈಗಲೇ ಕೊಡಿ ಎಂದು ರಾಜಧಾನಿಯಲ್ಲಿ ಗುಡಿಸಲು ಕಟ್ಟಿ ಕುಳಿತರು. ಜುಲೈನಲ್ಲಿ ಸೈನ್ಯ ತಂದು ಅವರನ್ನು ಎಬ್ಬಿಸಿದವರು ಸೇನಾ ಮುಖ್ಯಸ್ಥ ಜನರಲ್ ಡಗ್ಲಸ್ ಮೆಕಾರ್ಥರ್. ಅದೇ ವರ್ಷದ ಫೆಬ್ರವರಿಯಲ್ಲಿ ಅವರು ಇನ್ನೊಂದು ಆದೇಶ ಕೊಟ್ಟಿದ್ದರು. ಹೊಸ ಬಂದೂಕು ಎಂಥದ್ದೇ ಆಗಲಿ, ಅದು ಸೇನೆ ಬಳಸುತ್ತ ಬಂದಿದ್ದ .30 ಅಂಗುಲದ ತೋಟಾವನ್ನೇ ಹಾರಿಸಬೇಕು ಎಂಬುದು ಅದರ ತಿರುಳು.

ಸೇನೆಯ ಹಳೆಯ ಬೋಲ್ಟ್ ಬಂದೂಕಿನಲ್ಲಿ ಒಂದು ಗುಂಡು ಹಾರಿದ ಮೇಲೆ ಸೈನಿಕ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಬೇಕು. ಅಷ್ಟರಲ್ಲಿ ಗುರಿ ಕದಲಿರುತ್ತದೆ. ಅರೆ ಸ್ವಯಂಚಾಲಿತ ಬಂದೂಕಿನಲ್ಲಿ ಆ ಕೆಲಸವನ್ನು ಉರಿದ ಮದ್ದಿನ ಒತ್ತಡವೇ ಮಾಡುತ್ತದೆ. ಒಮ್ಮೆ ಕುದುರೆ ಎಳೆದರೆ ಒಂದು ಗುಂಡು, ಮರುಕ್ಷಣವೇ ಇನ್ನೊಂದು ತೋಟಾ ಸಿದ್ಧ. ಹೇಳುವುದು ಸುಲಭ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಅಮೆರಿಕದ ಸೇನೆ ಇಂಥದ್ದನ್ನು ಹುಡುಕುತ್ತಲೇ ಇತ್ತು, ಒಂದೂ ಗಟ್ಟಿಯಾಗಿ ನಿಂತಿರಲಿಲ್ಲ. ಹೊತ್ತು ನಡೆಯುವಷ್ಟು ಹಗುರ, ದೊಡ್ಡ ತೋಟಾದ ಹೊಡೆತ ತಾಳುವಷ್ಟು ಗಟ್ಟಿ, ಕೆಸರು ಧೂಳು ಸಹಿಸುವಷ್ಟು ಸರಳ, ಲಕ್ಷಗಟ್ಟಲೆ ತಯಾರಿಸುವಷ್ಟು ಅಗ್ಗ. ಈ ನಾಲ್ಕೂ ಒಂದೇ ಬಂದೂಕಿನಲ್ಲಿ ಕೂಡಿಬರುವುದು ಕಷ್ಟ.

ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1794ರಿಂದಲೂ ಸರ್ಕಾರಿ ಬಂದೂಕು ಕಾರ್ಖಾನೆ ಇತ್ತು. 1920ರ ದಶಕದಲ್ಲಿ ಅಲ್ಲಿ ಇಬ್ಬರು ವಿನ್ಯಾಸಕಾರರು ಬೇರೆ ಬೇರೆ ದಾರಿಯಲ್ಲಿ ಕೆಲಸ ನಡೆಸಿದ್ದರು. ಜಾನ್ ಪೆಡರ್ಸನ್ ಆಗಲೇ ಹೆಸರು ಮಾಡಿದ್ದವರು. ರೆಮಿಂಗ್ಟನ್ ಕಂಪನಿಗೆ ಯಶಸ್ವಿ ಬಂದೂಕುಗಳನ್ನು ಕೊಟ್ಟು, ಗುತ್ತಿಗೆಯ ಮೇಲೆ ಸ್ಪ್ರಿಂಗ್‌ಫೀಲ್ಡ್‌ಗೆ ಬಂದಿದ್ದರು. ಜಾನ್ ಗ್ಯಾರಂಡ್ ಹುಟ್ಟಿದ್ದು 1888ರಲ್ಲಿ, ಕೆನಡಾದ ಕ್ವಿಬೆಕ್‌ನಲ್ಲಿ. ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, ಬಟ್ಟೆ ಗಿರಣಿಯಲ್ಲಿ ಕಸ ಗುಡಿಸುತ್ತ ಯಂತ್ರಗಳ ಕೆಲಸ ಕಲಿತವರು. 1919ರಲ್ಲಿ ಕಾರ್ಖಾನೆ ಸೇರಿ, ಸಂಬಳಕ್ಕೆ ದುಡಿಯುತ್ತಿದ್ದರು.

ಪೆಡರ್ಸನ್ ಬಂದೂಕು ಮಾತ್ರವಲ್ಲ, ಅದಕ್ಕೊಪ್ಪುವ ತೋಟಾವನ್ನೂ ರೂಪಿಸಿದರು. .276 ಅಂಗುಲದ ಚಿಕ್ಕ ತೋಟಾ, ಒದೆತ ಕಡಿಮೆ. 1928ರಲ್ಲಿ ಹಂದಿಗಳ ಮೇಲೆ ಗುಂಡು ಹಾರಿಸಿ ಸೇನೆ ಪರೀಕ್ಷೆ ನಡೆಸಿದಾಗ ಚಿಕ್ಕ ತೋಟಾಗಳೂ ಸಾಲುತ್ತವೆ ಎಂದು ಕಂಡುಬಂತು. ಆದರೆ ಪೆಡರ್ಸನ್‌ರ ಬಂದೂಕಿಗೆ ಒಂದು ಹಟ ಇತ್ತು: ತೋಟಾಗಳಿಗೆ ತೆಳುವಾಗಿ ಮೇಣ ಸವರಿರಬೇಕು, ಇಲ್ಲವಾದರೆ ಖಾಲಿ ಕವಚ ಸಲೀಸಾಗಿ ಹೊರಬರುತ್ತಿರಲಿಲ್ಲ. ಗ್ಯಾರಂಡ್‌ರ ಬಂದೂಕು ಒಣ ತೋಟಾವನ್ನೇ ತಿನ್ನುತ್ತಿತ್ತು. ಬಿಡಿಭಾಗಗಳೂ ಸರಳ. 1932ರ ಆರಂಭದಲ್ಲಿ ಪರೀಕ್ಷಾ ಮಂಡಳಿ .276ರ ಗ್ಯಾರಂಡ್ ಬಂದೂಕನ್ನೇ ಶಿಫಾರಸು ಮಾಡಿತು. ಅದರಲ್ಲಿ ಹತ್ತು ತೋಟಾ ಹಿಡಿಸುತ್ತಿದ್ದವು.

ಮೆಕಾರ್ಥರ್ ಒಪ್ಪಲಿಲ್ಲ. ಯುದ್ಧದಿಂದ ಉಳಿದ .30 ತೋಟಾಗಳು ಗೋದಾಮುಗಳಲ್ಲಿ ರಾಶಿ ಬಿದ್ದಿದ್ದವು. ಸೇನೆಯ ಮಷಿನ್‌ಗನ್‌ಗಳೂ ಅದನ್ನೇ ಹಾರಿಸುತ್ತಿದ್ದವು. ಬಂದೂಕಿಗೊಂದು, ಮಷಿನ್‌ಗನ್‌ಗೊಂದು ತೋಟಾ ಎಂದಾದರೆ ತಯಾರಿಕೆಯೂ ಎರಡು, ಸಾಗಣೆಯೂ ಎರಡು. ಗ್ಯಾರಂಡ್ ಮೊದಲೇ .30ರ ಮಾದರಿಯೊಂದರ ಮೇಲೆ ಕೆಲಸ ಮಾಡಿದ್ದು ಒಳ್ಳೆಯದಾಯಿತು. ಅದರಲ್ಲಿ ಎಂಟೇ ತೋಟಾ.

ಈ ತೀರ್ಮಾನದಲ್ಲಿ ಮೆಕಾರ್ಥರ್ ತಪ್ಪಿದರೇ? ಬರೀ ಬಂದೂಕನ್ನು ನೋಡಿದರೆ ತಪ್ಪಿದರು. ಚಿಕ್ಕ ತೋಟಾವೇ ಕಾಲಾಳಿಗೆ ಸೂಕ್ತ ಎಂದು ಮುಂದಿನ ದಶಕಗಳು ತೋರಿಸಿಕೊಟ್ಟವು. ಆದರೆ ಅಂದು ಹೊಸ ತೋಟಾಕ್ಕೂ ಹೊಸ ಬಂದೂಕಿಗೂ ಒಟ್ಟಿಗೆ ಹಣ ಕೇಳಿದ್ದರೆ ಎರಡೂ ಸಿಗದೆ ಹೋಗುವ ಸಂಭವವಿತ್ತು. ತೋಟಾದಲ್ಲಿ ಉಳಿತಾಯ ಮಾಡಿದ್ದರಿಂದಲೇ ಬಂದೂಕು ಬದುಕಿತು ಎನ್ನುವುದು ಹೆಚ್ಚು ನ್ಯಾಯವಾದ ಮಾತು.

1936ರ ಜನವರಿಯಲ್ಲಿ ಅದು ಎಂ1 ಎಂಬ ಹೆಸರಿನಲ್ಲಿ ಅಧಿಕೃತವಾಯಿತು. ನಂಬಿಕೆ ಮಾತ್ರ ಆದೇಶದಿಂದ ಬರುವಂಥದ್ದಲ್ಲ. 1937ರಲ್ಲಿ ತಯಾರಿಕೆ ಶುರುವಾದಾಗ ದಿನಕ್ಕೆ ಹತ್ತು ಬಂದೂಕು ಹೊರಬಂದರೆ ಹೆಚ್ಚು. ನಳಿಗೆಗೆ ತೂತು ಕೊರೆಯದೆ, ಅದರ ತುದಿಗೆ ಟೋಪಿಯಂತೆ ಕೂರಿಸಿದ ಭಾಗದಲ್ಲಿ ಅನಿಲ ಹಿಡಿಯುವ ಏರ್ಪಾಡು ಮೊದಲಿನ ಸುಮಾರು 50,000 ಬಂದೂಕುಗಳಲ್ಲಿತ್ತು. ಅಲ್ಲಿ ಮಸಿ ಕಟ್ಟುತ್ತಿತ್ತು, ಭಾಗ ಸಡಿಲವಾಗುತ್ತಿತ್ತು. 1940ರ ಹೊತ್ತಿಗೆ ನಳಿಗೆಯ ಕೆಳಗೇ ಸಣ್ಣ ರಂಧ್ರ ಕೊರೆದು ಅನಿಲ ತೆಗೆದುಕೊಳ್ಳುವ ಕ್ರಮ ಬಂತು. ಅದಕ್ಕೂ ಮುಂಚೆ ಏಳನೆಯ ತೋಟಾ ಸಿಕ್ಕಿಹಾಕಿಕೊಳ್ಳುವ ವಿಚಿತ್ರ ದೂರು ಕಾಡಿತ್ತು. ಹುಡುಕಿದಾಗ ಕಂಡದ್ದು, ಕಾರ್ಖಾನೆಯ ಯಂತ್ರವೊಂದು ಬಂದೂಕಿನ ಒಡಲಿನೊಳಗೆ ಕೊಂಚ ಲೋಹವನ್ನು ಹೆಚ್ಚಾಗಿ ಕೊರೆದುಬಿಡುತ್ತಿತ್ತು. ವಿನ್ಯಾಸದಲ್ಲಿ ದೋಷವಿರಲಿಲ್ಲ.

ಅಷ್ಟರಲ್ಲಿ ಮೆಲ್ವಿನ್ ಜಾನ್ಸನ್ ಎಂಬ ಬಾಸ್ಟನ್ನಿನ ವಕೀಲ, ಮೆರೀನ್ ಪಡೆಯ ಮೀಸಲು ಅಧಿಕಾರಿ, ತನ್ನದೇ ಬಂದೂಕು ಹಿಡಿದು ಸವಾಲು ಹಾಕಿದ. ವಾದ ಸೆನೆಟ್‌ನವರೆಗೂ ಹೋಯಿತು. ಮೆರೀನ್ ಪಡೆ 1940ರ ಕೊನೆಯಲ್ಲಿ ಸ್ಯಾನ್ ಡಿಯಾಗೋದಲ್ಲಿ ಎರಡನ್ನೂ ಹಳೆಯ ಬೋಲ್ಟ್ ಬಂದೂಕಿನ ಜೊತೆ ಒರೆಗೆ ಹಚ್ಚಿ, ಕೊನೆಗೆ ಎಂ1 ಅನ್ನೇ ಆರಿಸಿಕೊಂಡಿತು.

ಗ್ಯಾರಂಡ್‌ರ ದೊಡ್ಡತನ ಬಂದೂಕಿನಲ್ಲಿ ಎಷ್ಟಿದೆಯೋ ಅದನ್ನು ತಯಾರಿಸುವ ಉಪಕರಣಗಳಲ್ಲೂ ಅಷ್ಟೇ ಇದೆ. ಭಾಗಗಳನ್ನು ಕತ್ತರಿಸುವ, ಕೊರೆಯುವ ಸಾಧನಗಳನ್ನೂ ಅವರೇ ಯೋಚಿಸಿ ರೂಪಿಸಿದರು. ಅದರಿಂದಲೇ 1941ರ ಆರಂಭದಲ್ಲಿ ದಿನಕ್ಕೆ 600 ಬಂದೂಕುಗಳು ಹೊರಬರತೊಡಗಿದವು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸ್ಪ್ರಿಂಗ್‌ಫೀಲ್ಡ್ ಮತ್ತು ವಿಂಚೆಸ್ಟರ್ ಕಂಪನಿ ಸೇರಿ ಸುಮಾರು 40 ಲಕ್ಷ ತಯಾರಿಸಿದ್ದವು. ಒಂದಕ್ಕೆ ಬಿದ್ದ ಖರ್ಚು ಸುಮಾರು 85 ಡಾಲರ್. ಜರ್ಮನಿ, ಸೋವಿಯತ್ ಒಕ್ಕೂಟಗಳೂ ಇಂಥ ಬಂದೂಕು ಮಾಡಿದವು, ಆದರೆ ಕಾಲಾಳಿನ ಸಾಮಾನ್ಯ ಆಯುಧವಾಗಿ ಅದನ್ನೇ ಕೊಡುವುದು ಅಮೆರಿಕಕ್ಕೆ ಮಾತ್ರ ಸಾಧ್ಯವಾಯಿತು. ಗ್ಯಾರಂಡ್ ಪೇಟೆಂಟ್ ಹಕ್ಕುಗಳನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರು. ಅವರಿಗೆ ಒಂದು ಲಕ್ಷ ಡಾಲರ್ ಗೌರವಧನ ಕೊಡುವ ಮಸೂದೆ ಸಂಸತ್ತಿನಲ್ಲಿ ಬಿದ್ದುಹೋಯಿತು. ಕೋಟ್ಯಂತರ ಡಾಲರ್ ಉಳಿಸಿಕೊಟ್ಟವರಿಗೆ ದೇಶ ತೋರಿದ ಈ ಜಿಪುಣತನ ಇಂದಿಗೂ ನೋಯಿಸುತ್ತದೆ.

ಮೆಕಾರ್ಥರ್ ಉಳಿಸಿಕೊಂಡ ಗಾತ್ರ ಅಮೆರಿಕದಲ್ಲೇ ನಿಲ್ಲಲಿಲ್ಲ. ಯುದ್ಧಾನಂತರ ಬ್ರಿಟನ್ .280ರ ಚಿಕ್ಕ ತೋಟಾ ಮುಂದಿಟ್ಟಾಗ ಅಮೆರಿಕ ಒಪ್ಪದೆ, ತನ್ನ .30ರದೇ ಅಳತೆಯ, ಅಷ್ಟೇ ಬಲದ 7.62 ಮಿಲಿಮೀಟರ್ ತೋಟಾವನ್ನು ನ್ಯಾಟೋ ಮೇಲೆ ಹೊರಿಸಿತು. ಬೆಲ್ಜಿಯಂನ ಎಫ್‌ಎಎಲ್ ಬಂದೂಕು ಆ ತೋಟಾಕ್ಕೆ ಹೊಂದಿಕೊಂಡಿತು. 1962ರಲ್ಲಿ ಭಾರತದ ಯೋಧರು .303ರ ಬೋಲ್ಟ್ ಬಂದೂಕು ಹಿಡಿದು ಹಿಮಾಲಯದಲ್ಲಿ ಚೀನೀಯರ ಅರೆ ಸ್ವಯಂಚಾಲಿತ ಬಂದೂಕುಗಳನ್ನು ಎದುರಿಸಿದ ಮೇಲೆ, ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆ ಅದೇ ಎಫ್‌ಎಎಲ್ ಮಾದರಿಯ ಬಂದೂಕನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತು. ಅದೇ ಎಸ್‌ಎಲ್‌ಆರ್. 1971ರ ಯುದ್ಧದಲ್ಲಿ ಸೈನಿಕರು ಹೊತ್ತದ್ದು ಅದನ್ನು. ಕರ್ನಾಟಕದ ಪೊಲೀಸರ ಹೆಗಲ ಮೇಲೂ ಜನ ಕಂಡದ್ದು ಅದನ್ನೇ. ಭಾರತೀಯ ಸೇನೆ ಚಿಕ್ಕ ತೋಟಾದ ಕಡೆ ಹೊರಳಿದ್ದು 1990ರ ದಶಕದಲ್ಲಿ, 5.56 ಮಿಲಿಮೀಟರಿನ ಇನ್ಸಾಸ್ ಕೈಗೆ ಬಂದ ಮೇಲೆ.