ಅಣುತ್ಯಾಜ್ಯ ಭಂಡಾರಗಳ ಅಂತರ್ಜಲದಲ್ಲಿ ಕಲಿಲಗಳು

ಭೂಮಿಯ ಆಳದಲ್ಲಿ ವಿಕಿರಣಶೀಲ ತ್ಯಾಜ್ಯವನ್ನು ಹೂಳುವ ಭಂಡಾರಗಳ ಸುತ್ತಲ ನೀರಿನಲ್ಲಿ ತೇಲಾಡುವ, 1 ನ್ಯಾನೊಮೀಟರಿನಿಂದ 1 ಮೈಕ್ರೊಮೀಟರಿನವರೆಗಿನ ಗಾತ್ರದ ಕಣಗಳು. ಪ್ಲುಟೋನಿಯಮ್, ಅಮೆರಿಸಿಯಮ್‌ಗಳಂಥ ಧಾತುಗಳು ನೀರಿನಲ್ಲಿ ಅಷ್ಟಾಗಿ ಕರಗದೆ ಬಂಡೆಗೆ ಬಲವಾಗಿ ಅಂಟಿಕೊಳ್ಳುವುದರಿಂದ ದೂರ ಸಾಗಲಾರವು. ಆದರೆ ಬಂಡೆಯ ಬದಲು ತೇಲುವ ಕಣಕ್ಕೆ ಅಂಟಿಕೊಂಡರೆ ನೀರಿನೊಡನೆ ಅವೂ ಹರಿಯುತ್ತವೆ. ಪ್ಲುಟೋನಿಯಮ್-239ರ ಅರ್ಧಾಯು ಸುಮಾರು 24,100 ವರ್ಷವಾದ್ದರಿಂದ ಭಂಡಾರಗಳ ಸುರಕ್ಷತೆಯನ್ನು ಅಳೆಯುವಾಗ ಈ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಉತ್ಪತ್ತಿ: ಜೇಡಿಮಣ್ಣು, ಸಿಲಿಕ, ಕಬ್ಬಿಣದ ಹೈಡ್ರಾಕ್ಸೈಡು, ಹ್ಯೂಮಿಕ್ ವಸ್ತುಗಳು ಹಾಗೂ ಬ್ಯಾಕ್ಟೀರಿಯಗಳು ಅಂತರ್ಜಲದಲ್ಲಿ ಸಹಜವಾಗಿಯೇ ಇರುತ್ತವೆ. ತ್ಯಾಜ್ಯವನ್ನು ಬಂಧಿಸಿಟ್ಟ ಗಾಜು ಸವೆದಾಗ, ಉಕ್ಕಿನ ಪೆಟ್ಟಿಗೆ ತುಕ್ಕು ಹಿಡಿದಾಗ, ಪೆಟ್ಟಿಗೆಯ ಸುತ್ತ ತುಂಬಿದ ಬೆಂಟೊನೈಟ್ ಜೇಡಿ ಊದಿ ಬಿಡಿಬಿಡಿಯಾದಾಗ ಹೊಸ ಕಲಿಲಗಳು ಸೇರುತ್ತವೆ. ನಾಲ್ಕು ವೇಲೆನ್ಸಿಯ ಪ್ಲುಟೋನಿಯಮ್ ನೀರಿನೊಡನೆ ವರ್ತಿಸಿ ತಾನೇ ಆಕ್ಸೈಡಿನ ಕಲಿಲವಾಗುವುದೂ ಉಂಟು.

ಸ್ಥಿರತೆ: ಜೇಡಿಕಣಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಸಜಾತಿ ವಿದ್ಯುದಂಶಗಳ ವಿಕರ್ಷಣೆ ಕಣಗಳನ್ನು ದೂರವಿಡುತ್ತದೆ, ವಾನ್ ಡರ್ ವಾಲ್ಸ್ ಆಕರ್ಷಣೆ ಹತ್ತಿರಕ್ಕೆಳೆಯುತ್ತದೆ. ಈ ಎರಡರ ತೂಗಾಟವನ್ನು ಡೆರ್ಯಾಗಿನ್ ಮತ್ತು ಲಾಂಡೌ 1941ರಲ್ಲಿ, ಫರ್ವೇ ಮತ್ತು ಓವರ್‌ಬೀಕ್ 1948ರಲ್ಲಿ ವಿವರಿಸಿದರು. ನೀರಿನಲ್ಲಿ ಲವಣ ಹೆಚ್ಚಿದಂತೆ ವಿಕರ್ಷಣೆಯ ವ್ಯಾಪ್ತಿ ಕುಗ್ಗಿ ಕಣಗಳು ಗರಣೆಗಟ್ಟಿ ತಳ ಸೇರುತ್ತವೆ. ಇದರಲ್ಲಿ ಸೋಡಿಯಮ್ಮಿಗಿಂತ ಕ್ಯಾಲ್ಸಿಯಮ್ ಎಷ್ಟೋ ಪಾಲು ಪರಿಣಾಮಕಾರಿ. ಲೀಟರಿಗೆ ಸುಮಾರು ಒಂದು ಮಿಲಿಮೋಲ್ ಇದ್ದರೂ ಬೆಂಟೊನೈಟ್ ಕಲಿಲಗಳು ಉಳಿಯುವುದು ಕಷ್ಟ. ಕಲಕು ನೀರಿಗೆ ಪಟಿಕ ಹಾಕಿದಾಗ ಅದರ ಅಲ್ಯೂಮಿನಿಯಮ್ ಮಾಡುವ ಕೆಲಸವೂ ಬಹುಮಟ್ಟಿಗೆ ಈ ಬಗೆಯದೇ. ಲವಣ ಕಡಿಮೆಯಿದ್ದು ಕ್ಷಾರೀಯತೆ ಹೆಚ್ಚಿದ್ದರೆ ಕಲಿಲಗಳು ಬಹುಕಾಲ ತೇಲುತ್ತವೆ.

ಕ್ಷೇತ್ರ ಸಾಕ್ಷ್ಯ: ಅಮೆರಿಕದ ನೆವಾಡದಲ್ಲಿ 1968ರಲ್ಲಿ ನಡೆದ ಬೆನ್‌ಹ್ಯಾಮ್ ಅಣುಸ್ಫೋಟದ ಪ್ಲುಟೋನಿಯಮ್ 1.3 ಕಿಲೋಮೀಟರ್ ದೂರದ ಬಾವಿಗಳ ನೀರಿನಲ್ಲಿ ಕಂಡುಬಂದುದು 1999ರಲ್ಲಿ ಪ್ರಕಟವಾಯಿತು. ಅದು ಆ ಸ್ಫೋಟದ್ದೇ ಎಂಬುದನ್ನು ಐಸೊಟೋಪುಗಳ ಅನುಪಾತ ಗುರುತಿಸಿಕೊಟ್ಟಿತು. ಬಹುತೇಕ ಎಲ್ಲವೂ ಕಲಿಲಗಳಿಗೆ ಅಂಟಿತ್ತು. ರಷ್ಯದ ಮಯಾಕ್ ಅಣುಕೇಂದ್ರದಲ್ಲಿ ಕಬ್ಬಿಣದ ಆಕ್ಸೈಡಿನ ಕಲಿಲಗಳು ಪ್ಲುಟೋನಿಯಮ್ಮನ್ನು ಕಿಲೋಮೀಟರುಗಳಷ್ಟು ದೂರ ಒಯ್ದುದು 2006ರಲ್ಲಿ ವರದಿಯಾಯಿತು. ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಸುರಂಗದಲ್ಲಿ ಗ್ರಾನೈಟಿನ ಬಿರುಕಿಗೆ ಬೆಂಟೊನೈಟ್ ಕಲಿಲಗಳನ್ನು ಹರಿಯಬಿಟ್ಟು ಪರೀಕ್ಷೆಗಳು ನಡೆದಿವೆ. ಅಲ್ಲಿನ ನೀರು ಲವಣ ತೀರ ಕಡಿಮೆಯಿರುವ, ಪಿಎಚ್ ಸುಮಾರು 9.6ರ ಕ್ಷಾರೀಯ ನೀರು.

ಭಂಡಾರಗಳಲ್ಲಿ ಇದರ ಮಹತ್ವ: ಸ್ವೀಡನ್ ಮತ್ತು ಫಿನ್ಲೆಂಡಿನ ವಿನ್ಯಾಸದಲ್ಲಿ ತಾಮ್ರದ ಪೆಟ್ಟಿಗೆಗಳನ್ನು 400–500 ಮೀಟರ್ ಆಳದ ಬಂಡೆಯಲ್ಲಿಟ್ಟು ಸುತ್ತ ಬೆಂಟೊನೈಟ್ ತುಂಬಲಾಗುತ್ತದೆ. ಒತ್ತಿ ಗಟ್ಟಿಮಾಡಿದ ಈ ಜೇಡಿಯ ರಂಧ್ರಗಳು ಎಷ್ಟು ಕಿರಿದೆಂದರೆ ಒಳಗಿನ ಕಲಿಲಗಳು ಹೊರಬರಲಾರವು. ಆದರೆ ಮುಂದಿನ ಹಿಮಯುಗದಲ್ಲಿ ಲವಣವಿಲ್ಲದ ಹಿಮಕರಗಿದ ನೀರು ಆಳಕ್ಕಿಳಿದರೆ, ಬಿರುಕಿನೊಳಕ್ಕೆ ಊದಿದ ಜೇಡಿಯೇ ಕಲಿಲವಾಗಿ ಕೊಚ್ಚಿಹೋಗಬಹುದು. ಆಗ ನೀರಿನ ಸಲ್ಫೈಡು ತಾಮ್ರವನ್ನು ತಲುಪುವುದು ಸುಲಭವಾಗುತ್ತದೆ.

ಕಲಿಲವಿದ್ದ ಮಾತ್ರಕ್ಕೆ ಅಪಾಯ ಖಚಿತವಲ್ಲ. ಅಂಟಿದ ಧಾತು ಮತ್ತೆ ಬಿಟ್ಟುಕೊಂಡರೆ ಬಿರುಕಿನ ಗೋಡೆ ಅದನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಕಲಿಲಗಳ ಪ್ರಮಾಣ, ಅವು ತೇಲಿ ಉಳಿಯುವ ಅವಧಿ, ಧಾತು ಬಿಟ್ಟುಕೊಳ್ಳುವ ವೇಗ ಈ ಮೂರನ್ನೂ ಆಯಾ ಸ್ಥಳದ ನೀರಿನಲ್ಲೇ ಅಳೆಯಬೇಕು. ಮಾದರಿ ತೆಗೆಯುವಾಗಲೂ ಎಚ್ಚರ ಬೇಕು: ಪಂಪಿನ ರಭಸಕ್ಕೆ ಬಂಡೆಯ ಕಣಗಳು ಕಿತ್ತುಬರುತ್ತವೆ, ಗಾಳಿ ತಾಗಿದರೆ ಕರಗಿದ್ದ ಕಬ್ಬಿಣ ಹೊಸ ಕಲಿಲವಾಗುತ್ತದೆ.