ಹೊಲಿದ ಹಡಗು, ಅಂಟಿಸಿದ ಹಡಗು

ಶೋಳಿಂಗನಲ್ಲೂರಿನ ಕೂಡುರಸ್ತೆಯಿಂದ ಪೂರ್ವಕ್ಕೆ, ಅಕ್ಕರೈ ಕಡಲತೀರದ ಕಡೆಗೆ ಹೊರಟರೆ ನಡುವೆ ಒಂದು ಸೇತುವೆ ಸಿಗುತ್ತದೆ. ಅದರ ಕೆಳಗೆ ಜೊಂಡು ಕಟ್ಟಿಕೊಂಡು ಕಪ್ಪಾಗಿ ನಿಂತಿರುವುದು ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಮದರಾಸಿನ ಉತ್ತರಕ್ಕೆ ಕಾಕ್ರೇನನ ಕಾಲುವೆಯೆಂದು ಆರಂಭವಾದ ಈ ಜಲಮಾರ್ಗಕ್ಕೆ 1876–78ರ ಬರಗಾಲದಲ್ಲಿ ಹಸಿದ ಜನರಿಂದ ಕೂಲಿಗೆ ಅಗೆಸಿದ ಭಾಗಗಳು ಸೇರಿದವು. ಆಗಿನ ಗವರ್ನರನ ಹೆಸರೇ ಅದಕ್ಕೆ ನಿಂತಿತು. ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದುದೂ ಇದೇ ಬರವನ್ನೇ. ದಂಡೆಯ ಮೇಲಿನಿಂದ ಹಗ್ಗದಲ್ಲಿ ಎಳೆದು, ಗಳು ಊರಿ, ಗಾಳಿ ಸಿಕ್ಕಾಗ ಹಾಯಿ ಬಿಚ್ಚಿ ಸಾಗುತ್ತಿದ್ದ ಚಪ್ಪಟೆ ತಳದ ದೋಣಿಗಳು ಈ ಕಾಲುವೆಯಲ್ಲಿ ಸೌದೆಯನ್ನೂ ಉಪ್ಪನ್ನೂ ನಗರಕ್ಕೆ ಹೊತ್ತು ತರುತ್ತಿದ್ದವು. ಇಂದು ಸೇತುವೆಯ ಮೇಲೆ ಕಂಪೆನಿಗಳ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ; ಕೆಳಗೆ ದೋಣಿಯಿಲ್ಲ.

ಈ ಕಾಲುವೆಯ ಆಚೀಚೆ ನೆಲೆಸಿರುವ ನಾವು ಕೆಲವು ಕನ್ನಡಿಗರು ಕಲೆಯುವಲ್ಲಿ ಈಚೆಗೆ ಒಂದು ಪ್ರಶ್ನೆ ಎದ್ದಿತು. ಗೆಳೆಯರೊಬ್ಬರು ತಮ್ಮ ಮಗಳಿಗೆ ಮರದ ಮಾದರಿ ಹಡಗನ್ನು ಕಟ್ಟುವ ಕಿಟ್ ಕೊಡಿಸಬೇಕೆಂದಿದ್ದರು. ಮೊದಲ ಸಲಕ್ಕೆ ಯಾವುದು ತಕ್ಕದ್ದು? ಪ್ರಶ್ನೆ ಮಕ್ಕಳ ಆಟಿಕೆಯದೆಂದು ತೋರಿದರೂ ಉತ್ತರ ಹುಡುಕುತ್ತ ನಾವು ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕಾಯಿತು.

ಮೊದಲು ಅನುಭವದ ಮಾತು. ನಮ್ಮಲ್ಲೇ ಒಬ್ಬರು ಹಿಂದೆ ಮೂರು ಕೂವೆಮರಗಳ ಯುದ್ಧನೌಕೆಯೊಂದರ ಪೆಟ್ಟಿಗೆಯನ್ನು ತರಿಸಿದ್ದರು. ನೂರಾರು ತುಣುಕು, ಸಾಲು ಸಾಲು ಪುಟ್ಟ ಫಿರಂಗಿ, ಕೂದಲೆಳೆಯಂಥ ಹುರಿ. ಎಲುಬಿನ ಹಂದರ ನಿಂತಿತು. ಹಲಗೆ ಹೊದಿಸುವಾಗ ಮೂತಿಯ ತಿರುವಿನಲ್ಲಿ ಪಟ್ಟಿಗಳು ಒಂದರ ಮೇಲೊಂದು ಏರಿಕೊಂಡವು. ಅದು ಈಗಲೂ ಅಟ್ಟದಲ್ಲಿದೆ. ಹೊಸಬರು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ. ಹಡಗಿನ ಹೊಟ್ಟೆ ಅಗಲ, ಮೂತಿ ಕಿರಿದು. ಆದ್ದರಿಂದ ನೇರವಾದ ಪಟ್ಟಿಯನ್ನು ತುದಿಯ ಕಡೆಗೆ ಸಣ್ಣಗೆ ಹೆರೆದು, ನೀರಿನಲ್ಲಿ ನೆನೆಸಿ ಇಲ್ಲವೆ ಹಬೆ ಹಾಯಿಸಿ ಬಾಗಿಸಿ ಕೂರಿಸಬೇಕು. ಎರಡು ಪದರ ಹಲಗೆ ಹೊದಿಸುವ ಕಿಟ್ಟುಗಳಲ್ಲಿ ಒಳಪದರದ ತಪ್ಪನ್ನು ಹೊರಪದರ ಮುಚ್ಚುತ್ತದೆ, ಅಷ್ಟು ಸಮಾಧಾನ. ಇಟಲಿಯ ಅಮಾತಿ, ಸ್ಪೇನಿನ ಒಕ್ರೆ ಮತ್ತು ಆರ್ಟೆಸಾನಿಯಾ ಲಾತಿನಾ, ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್ ಮೊದಲಾದ ಹೆಸರುಗಳ ನಡುವೆ ಆರಿಸುವಾಗ ಹೆಸರಿಗಿಂತ ಮುಖ್ಯವಾದುದು ಹಡಗಿನ ಆಕಾರ. ಒಂದೇ ಕೂವೆಮರ ಅಥವಾ ಕೂವೆಮರವೇ ಇಲ್ಲದ ತೆರೆದ ದೋಣಿ, ದೊಡ್ಡ ಅಳತೆ, ಕೆಲವೇ ಹಲಗೆ: ಇದು ನಮ್ಮ ಶಿಫಾರಸು.

ಆದರೆ ಗೆಳೆಯರ ಮಗಳು ಕೇಳಿದ್ದು ಬೇರೆ. ಪಟ್ಟಿಯಲ್ಲಿ ಇಂಗ್ಲೆಂಡಿನ ಹಡಗಿದೆ, ಸ್ಪೇನಿನದಿದೆ, ಸ್ವೀಡನ್ನಿನದೂ ಇದೆ, ನಮ್ಮದು ಏಕಿಲ್ಲ?

ಇದಕ್ಕೆ ಮಾರುಕಟ್ಟೆ ಒಂದು ಕಾರಣ, ಇತಿಹಾಸ ಇನ್ನೊಂದು. ಕಿಟ್ ಹುಟ್ಟುವುದು ನಕ್ಷೆಯಿಂದ. 17ನೆಯ ಶತಮಾನದ ಉತ್ತರಾರ್ಧದಿಂದ ಇಂಗ್ಲೆಂಡಿನ ನೌಕಾಮಂಡಲಿಗಾಗಿ ಅಳತೆಗೆ ಸರಿಯಾದ ಮಾದರಿ ಹಡಗುಗಳು ತಯಾರಾಗುತ್ತಿದ್ದವು. ನಕ್ಷೆಗಳೂ ಕಡತಗಳಲ್ಲಿ ಉಳಿದವು. ಇಂದಿನ ಪೆಟ್ಟಿಗೆಗಳು ಆ ಕಾಗದಗಳ ದೂರದ ಮೊಮ್ಮಕ್ಕಳು. ನಮ್ಮ ಕರಾವಳಿಯಲ್ಲಿ ಹಡಗು ಇದ್ದುದು ಕಟ್ಟುವವನ ಕೈಯಲ್ಲಿ, ಕಣ್ಣಂದಾಜಿನಲ್ಲಿ. 634ರ ಐಹೊಳೆಯ ಶಾಸನ ಇಮ್ಮಡಿ ಪುಲಕೇಶಿಯ ನೂರಾರು ನೌಕೆಗಳು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದುದನ್ನು ಹಾಡುತ್ತದೆ; ಹಲಗೆಗೆ ಹಲಗೆ ಹೇಗೆ ಕೂಡಿತ್ತೆಂದು ಹೇಳುವುದಿಲ್ಲ. ಮುಂಬಯಿಯ ಬೋರಿವಲಿ ಬಳಿ ಎಕ್ಸರ್‌ನ ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ನೌಕೆಗಳ ಸಾಲೇ ಇದೆ. ಕಲ್ಲಿನಿಂದ ಅಳತೆ ತೆಗೆಯಲಾಗದು.

ಮದರಾಸಿನದೇ ಒಂದು ದೋಣಿಯಿತ್ತು, ಮಸೂಲಾ ಎಂದು ದಾಖಲೆಗಳಲ್ಲಿ ಹೆಸರು. 19ನೆಯ ಶತಮಾನದ ಕೊನೆಯ ಭಾಗದವರೆಗೂ ಈ ನಗರಕ್ಕೆ ಬಂದರಿನ ಆಸರೆಯಿರಲಿಲ್ಲ. ಕಟ್ಟಿ ಮುಗಿಯುತ್ತ ಬಂದಿದ್ದ ಬಂದರನ್ನು 1881ರ ಚಂಡಮಾರುತ ಒಡೆಯಿತು. ಹಡಗುಗಳು ದೂರದಲ್ಲಿ ಲಂಗರು ಹಾಕಿದರೆ ಜನರನ್ನೂ ಸರಕನ್ನೂ ದಡದ ಅಬ್ಬರದ ಅಲೆ ದಾಟಿಸಿ ತರುತ್ತಿದ್ದುದು ಮಸೂಲಾ. ಅದರಲ್ಲಿ ಮೊಳೆಯಿಲ್ಲ, ಒಳಗೆ ಎಲುಬಿನ ಹಂದರವೂ ಇಲ್ಲ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಸಂದಿಗೆ ಹುಲ್ಲಿನ ಮೆತ್ತೆಯಿಟ್ಟು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮೊಳೆ ಹೊಡೆದ ದೋಣಿ ಮರಳಿಗೆ ಅಪ್ಪಳಿಸಿದರೆ ಸೀಳುತ್ತದೆ. ಹೊಲಿದದ್ದು ಬಾಗಿ, ನಲುಗಿ, ಉಳಿಯುತ್ತದೆ. ಕೋಟೆಯ ದೊರೆಗಳೆಲ್ಲ ಮದರಾಸಿನ ನೆಲಕ್ಕೆ ಕಾಲಿಟ್ಟದ್ದು ಈ ಹೊಲಿಗೆಯನ್ನು ನಂಬಿಯೇ. ಎದ್ಮೋಂ ಪಾರಿ ಎಂಬ ಫ್ರೆಂಚ್ ನೌಕಾಧಿಕಾರಿ ಈ ತೀರದ ದೋಣಿಗಳನ್ನು ಅಳೆದು ಬರೆದ ನಕ್ಷೆಗಳು 1840ರ ದಶಕದ ಆರಂಭದಲ್ಲಿ ಅಚ್ಚಾದವು. ಮುಂದೆ ಆತ ಪ್ಯಾರಿಸಿನ ನೌಕಾ ವಸ್ತುಸಂಗ್ರಹಾಲಯದ ಪಾಲಕನಾದ. ಮದರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ರಚನೆಯ ಬಗ್ಗೆ ಪ್ರೌಢ ಪ್ರಬಂಧವೊಂದನ್ನು ಪ್ರಕಟಿಸಿದ. ದಕ್ಷಿಣ ಕನ್ನಡ 1956ರವರೆಗೂ, ಕಾರವಾರದ ಸೀಮೆ 1862ರವರೆಗೂ ಮದರಾಸಿನ ಆಡಳಿತದಲ್ಲಿದ್ದವೆಂಬುದನ್ನು ನೆನೆದರೆ, ನಮ್ಮ ತೀರದ ಕಥೆಯೂ ಈ ನಗರದ ಕಡತಗಳಿಗೆ ಹೊರಗಿನದಲ್ಲ. ನಮ್ಮ ದೋಣಿಯ ನಕ್ಷೆಗೆ ಫ್ರೆಂಚರ ಕಡೆ ನೋಡಬೇಕಾದುದು ನಮಗೆ ಸ್ವಲ್ಪ ನಾಚಿಕೆಯ ಸಂಗತಿಯೇ.

2004ರ ಸುನಾಮಿಯ ನಂತರ ಈ ತೀರದಲ್ಲಿ ಕಟ್ಟುಮರಗಳೂ ವಿರಳವಾಗಿ ಅವುಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದವು. ಕೈ ಮರೆತದ್ದನ್ನು ಕಾಗದ ನೆನಪಿಡದಿದ್ದರೆ ಏನು ಉಳಿಯುತ್ತದೆ? ಈ ಪ್ರಶ್ನೆಗೆ ಇತ್ತೀಚೆಗೆ ವಿಚಿತ್ರವಾದೊಂದು ಉತ್ತರ ಸಿಕ್ಕಿತು. ಅಜಂತೆಯ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ ಹೊಲಿದ ಹಡಗನ್ನು ಕಟ್ಟಲು 2023ರ ಜುಲೈನಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೋವೇಷನ್ಸ್ ಒಪ್ಪಂದ ಮಾಡಿಕೊಂಡವು. ನಕ್ಷೆ ಇರಲಿಲ್ಲ, ಇದ್ದದ್ದು ಚಿತ್ರ ಮಾತ್ರ. ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳು ಸಾವಿರಾರು ಹೊಲಿಗೆ ಹಾಕಿದರು. ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸುವ ಹೊಣೆ ಬಂದದ್ದು ನಮಗೆ ಉತ್ತರಕ್ಕೆ, ಗಿಂಡಿಯ ಕಾಡಿನ ಮಗ್ಗುಲಲ್ಲಿರುವ ಮದ್ರಾಸ್ ಐಐಟಿಯ ಸಾಗರ ತಂತ್ರಜ್ಞಾನ ವಿಭಾಗಕ್ಕೆ! ಮಾದರಿ ಹಡಗು ಕಪಾಟಿನ ಅಲಂಕಾರವಲ್ಲ, ಮರೆತ ವಿದ್ಯೆಯನ್ನು ಮತ್ತೆ ಕೇಳಿ ತಿಳಿಯುವ ಸಾಧನ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಡ. 2025ರ ಮೇ 21ರಂದು ಆ ಹಡಗು ಕೌಂಡಿನ್ಯ ಎಂಬ ಹೆಸರಿನಲ್ಲಿ ನೌಕಾಪಡೆಯನ್ನು ಸೇರಿದ್ದು ಕಾರವಾರದಲ್ಲಿ. ಹಾಯಿಯ ಮೇಲೆ ಗಂಡಭೇರುಂಡ. ಕನ್ನಡಿಗರ ಕಣ್ಣು ಅಲ್ಲಿ ಒಂದು ಕ್ಷಣ ಹೆಚ್ಚು ನಿಂತರೆ ತಪ್ಪಲ್ಲ. ಅದೇ ವರ್ಷ ಡಿಸೆಂಬರ್ ಕೊನೆಯಲ್ಲಿ ಅದು ಪೋರಬಂದರಿನಿಂದ ಮಸ್ಕತ್ತಿನತ್ತ ಹೊರಟಿತು.

ಇಷ್ಟನ್ನೆಲ್ಲ ಓದಿದ ಮೇಲೆ ಕಿಟ್ಟಿನ ಆಯ್ಕೆಗೂ ಒಂದು ದಾರಿ ಕಂಡಿತು. ಪೆಟ್ಟಿಗೆಗಳಲ್ಲಿ ಬರುವ ಬಹುತೇಕ ಹಡಗುಗಳಲ್ಲಿ ಮೊದಲು ಎಲುಬು, ಆಮೇಲೆ ಹಲಗೆ. ಹೊಲಿದ ಹಡಗಿನಲ್ಲಿ ಕ್ರಮ ತಿರುಗುಮುರುಗು: ಮೊದಲು ಹಲಗೆಗಳ ಚಿಪ್ಪು, ಎಲುಬು ಬೇಕಿದ್ದರೆ ಅದರ ನಂತರ. ಆದುದರಿಂದ ಹಂದರಕ್ಕಿಂತ ಹಲಗೆಯೇ ಮುಖ್ಯವಾಗಿರುವ ದೋಣಿಯನ್ನು ಹುಡುಕಿದೆವು. ಅಮೆರಿಕದ ಮಾಡೆಲ್ ಶಿಪ್‌ವೇಸ್ ಹೊಸಬರಿಗೆಂದೇ ಹೊರತಂದಿರುವ ಸರಣಿಯಲ್ಲಿ ಮೊದಲನೆಯದು 1:24 ಅಳತೆಯ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ; ಅಟ್ಲಾಂಟಿಕದ ಬೆಸ್ತರು ಒಂದರೊಳಗೊಂದು ಪೇರಿಸಿ ಹಡಗಿನ ಮೇಲಿಟ್ಟುಕೊಂಡು ಹೋಗುತ್ತಿದ್ದ ಸರಳ ದೋಣಿ. ತಳ ಚಪ್ಪಟೆ, ಹಲಗೆ ಕೆಲವೇ, ಮೇಲೆ ಅಟ್ಟಣಿಗೆಯಿಲ್ಲ. ಕಡಲು ಬೇರೆ, ಜನ ಬೇರೆ. ಆದರೂ ನಮ್ಮ ಕಣ್ಣಿಗೆ ಅದು ಮಸೂಲಾದ ದೂರದ ನಂಟನಂತೆ ಕಂಡಿತು. ಚೂಪಾದ ಚಾಕು, ನಯವಾದ ಮರಳು ಕಾಗದ, ಬಟ್ಟೆ ಒಣಹಾಕುವ ಕ್ಲಿಪ್ಪು, ಮರದ ಅಂಟು ಇದ್ದರೆ ಸಾಕು.

ಪೆಟ್ಟಿಗೆ ಬಂದು ಮೂರು ವಾರವಾಯಿತು. ಕಳೆದ ಭಾನುವಾರ ಹೋದಾಗ ಹುಡುಗಿ ಕೈಪಿಡಿಯನ್ನು ಬದಿಗಿಟ್ಟು, ಮೇಲಿನ ಎರಡು ಹಲಗೆಗಳ ಅಂಚಿನುದ್ದಕ್ಕೂ ಗುಂಡುಸೂಜಿಯಿಂದ ತೂತು ಕೊರೆಯುತ್ತಿದ್ದಳು. ಅಂಟಿನ ಬಾಟಲಿಯ ಮುಚ್ಚಳ ತೆರೆದಿರಲಿಲ್ಲ. ಪಕ್ಕದಲ್ಲಿ ತೆಂಗಿನಕಾಯಿಯ ಸಿಪ್ಪೆಯೊಂದು ನೀರಿನಲ್ಲಿ ನೆನೆಯುತ್ತಿತ್ತು.