ಮುಚ್ಚಳ ತೆಗೆದವರು

ಸಾಗರದ ಪೇಟೆಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ಬದುಕಿದವನು ನಾನು. ಕೆಟ್ಟದ್ದನ್ನು ಬಿಚ್ಚುವುದು ನನ್ನ ಕಸುಬು. ಕೆಡದೇ ಇದ್ದದ್ದನ್ನು ಬಿಚ್ಚುವುದನ್ನು ಕಲಿಸಿದವನು ಮೊಮ್ಮಗ.

ಕಳೆದ ಬೇಸಿಗೆಯಲ್ಲಿ ಮಗನ ಮನೆಗೆಂದು ಅಮೆರಿಕದ ಮೇರಿಲ್ಯಾಂಡ್‌ಗೆ ಹೋಗಿದ್ದೆ. ಬಾಲ್ಟಿಮೋರಿನ ಮಗ್ಗುಲಲ್ಲಿರುವ ಟೌಸನ್ ಎಂಬ ಊರು. ಅಲ್ಲಿ ಶನಿವಾರ ಬಂತೆಂದರೆ ಜನ ಬೇಡವಾದ ಸಾಮಾನನ್ನು ಅಂಗಳದಲ್ಲಿ ಹರವಿ ಮಾರುತ್ತಾರೆ. ಅಂಥ ಒಂದು ಅಂಗಳದಿಂದ ಹುಡುಗ ಒಂದು ಡಾಲರಿಗೆ ಹಳದಿ ಬಣ್ಣದ ಆಟದ ಪಿಸ್ತೂಲು ತಂದ. ‘ನರ್ಫ್’ನವರ ‘ನೈಟ್ ಫೈಂಡರ್’. ಹಿಂದಿನ ಹಿಡಿ ಜಗ್ಗಿ ಕುದುರೆ ಎಳೆದರೆ ಬೆರಳುದ್ದದ ಫೋಮ್ ಬಾಣ ಹಾರುತ್ತದೆ. ಚೆನ್ನಾಗಿಯೇ ಹಾರುತ್ತಿತ್ತು. ಆದರೂ ಅವನು ಸ್ಕ್ರೂಡ್ರೈವರ್ ತಂದು ನನ್ನ ಮುಂದಿಟ್ಟ.

‘ಅಜ್ಜಾ, ಇದನ್ನ ಬಿಚ್ಚಿಕೊಡು.’

‘ಏನಾಗಿದೆ ಅದಕ್ಕೆ?’

‘ಏನೂ ಆಗಿಲ್ಲ. ಒಳಗೆ ಉಸಿರು ಕಟ್ಟಿದಾರೆ.’

ಸ್ಟೀಲ್ ತಟ್ಟೆ ತರಿಸಿಕೊಂಡೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯ ಅಂಚಿಗೆ ಜೋಡಿಸುವುದು ನನ್ನ ಹಳೇ ಅಭ್ಯಾಸ. ಎರಡು ಹೋಳಾಗಿ ತೆರೆದುಕೊಂಡ ಪಿಸ್ತೂಲಿನೊಳಗೆ ಒಂದು ಕೊಳವೆ, ಅದರಲ್ಲಿ ಆಡುವ ದಂಟು, ದಂಟಿನ ಬೆನ್ನಿಗೊಂದು ಸ್ಪ್ರಿಂಗ್. ನೋಡಿದ್ದೇ ನಗು ಬಂತು. ಇದು ನಮ್ಮ ಪೆಟ್ಲು!

ಮಳೆಗಾಲದಲ್ಲಿ ವಾಟೆಯ ಗೆಣ್ಣು ಕಡಿದು ಪೆಟ್ಲು ಮಾಡುತ್ತಿದ್ದೆವು. ಒಂದು ಪೆಟ್ಲುಕಾಯಿಯನ್ನು ಕೊಳವೆಯ ತುದಿಯವರೆಗೂ ನೂಕಬೇಕು. ಇನ್ನೊಂದನ್ನು ಹಿಂದಿನಿಂದ ತುರುಕಿ ಕೋಲಿನಿಂದ ರಭಸವಾಗಿ ಒತ್ತಬೇಕು. ನಡುವೆ ಸಿಕ್ಕಿದ ಗಾಳಿ ಹಿಂಡಿಕೊಂಡು ಮುಂದಿನ ಕಾಯನ್ನು ‘ಪಟ್’ ಎಂದು ಒದೆಯುತ್ತದೆ. ಕೋಲು ಕೊಳವೆಗಿಂತ ಅರ್ಧ ಬೆರಳು ಗಿಡ್ಡ ಇರಬೇಕು. ಆಗಲೇ ಹಿಂದಿನ ಕಾಯಿ ತುದಿಯಲ್ಲಿ ನಿಂತು ಮುಂದಿನ ಪಾಳಿಗೆ ತಯಾರಾಗುವುದು. ನರ್ಫ್ ಪಿಸ್ತೂಲಿನಲ್ಲಿ ಕೈಯ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ, ಹಿಂದಿನ ಕಾಯಿಯ ಕೆಲಸವನ್ನು ದಂಟಿನ ತುದಿಯ ರಬ್ಬರ್ ಬಳೆ ಮಾಡುತ್ತದೆ. ಉಳಿದದ್ದೆಲ್ಲ ಅದೇ.

ಪೆಟ್ಲಿನಲ್ಲಿ ಇಲ್ಲದ್ದೂ ಒಂದಿತ್ತು. ನಳಿಗೆಯ ಬುಡದಲ್ಲಿ ಪುಟ್ಟ ಮುಚ್ಚಳ, ಅದಕ್ಕೆ ಪೆನ್ನಿನೊಳಗಿನದಕ್ಕಿಂತ ಸಣ್ಣ ಸ್ಪ್ರಿಂಗ್. ಬಾಣ ಕೂತು ಒತ್ತಿದರಷ್ಟೇ ಗಾಳಿಗೆ ದಾರಿ. ಇಂಗ್ಲಿಷಿನಲ್ಲಿ ಏರ್ ರಿಸ್ಟ್ರಿಕ್ಟರ್. ಮೊಮ್ಮಗ ಉಸಿರು ಕಟ್ಟಿದ್ದಾರೆ ಎಂದದ್ದು ಇದನ್ನೇ.

ನರ್ಫ್ ಹುಟ್ಟಿದ್ದು ಪಿಸ್ತೂಲಾಗಿ ಅಲ್ಲ, ಚೆಂಡಾಗಿ. 1969ರಲ್ಲಿ ಮಿನೆಸೋಟದ ರೇನ್ ಗೈಯರ್ ತನ್ನ ತಂಡದೊಂದಿಗೆ ಗುಹಾಮಾನವರ ಆಟವೊಂದನ್ನು ರೂಪಿಸುತ್ತಿದ್ದ. ಅದಕ್ಕೆಂದು ಫೋಮಿನ ಕಲ್ಲುಗಳನ್ನು ಮಾಡಿದರೆ, ಆಟಕ್ಕಿಂತ ಕಲ್ಲೆಸೆಯುವುದೇ ರುಚಿಸಿತು. ಪಾರ್ಕರ್ ಬ್ರದರ್ಸ್ ಕಂಪನಿ ಆ ಕಲ್ಲನ್ನು ದುಂಡಗೆ ಮಾಡಿ 1970ರಲ್ಲಿ ಮನೆಯೊಳಗೆ ಆಡುವ ಚೆಂಡೆಂದು ಮಾರಿತು. ಗಾಜು ಒಡೆಯದ ಚೆಂಡು, ತಾಯಂದಿರಿಗೂ ನೆಮ್ಮದಿ. ವರ್ಷ ತುಂಬುವುದರೊಳಗೆ 40 ಲಕ್ಷಕ್ಕೂ ಹೆಚ್ಚು ಖರ್ಚಾದವು. ಫೋಮ್ ಚೆಂಡನ್ನೇ ಹಾರಿಸುವ ಕೊಳವೆ 1989ರಲ್ಲಿ ಬಂತು, ಬಾಣ ಹಾರಿಸುವ ‘ಶಾರ್ಪ್‌ಶೂಟರ್’ 1992ರಲ್ಲಿ. ಅಷ್ಟರಲ್ಲಿ ನರ್ಫ್ ಹ್ಯಾಸ್ಬ್ರೋ ಕಂಪನಿಯ ಮಡಿಲು ಸೇರಿತ್ತು.

ಕಂಪನಿ ಮೆತ್ತಗೆ ಹಾರಲಿ ಎಂದು ಮಾಡಿದ್ದನ್ನು ದೂರ ಹಾರಲಿ ಎಂದು ಬಿಚ್ಚುವವರ ಕುಲವೊಂದು ಬೆನ್ನಿಗೇ ಬೆಳೆಯಿತು. ಅವರ ಸರಕು ಆಟಿಕೆ ಅಂಗಡಿಯದಲ್ಲ, ಹಾರ್ಡ್‌ವೇರ್ ಅಂಗಡಿಯದು. ನಲ್ಲಿ ರಿಪೇರಿಯ ರಬ್ಬರ್ ಬಳೆ, ಟೆಫ್ಲಾನ್ ಟೇಪು, ಹಿತ್ತಾಳೆಯ ಕೊಳವೆ, ಗಟ್ಟಿ ಸ್ಪ್ರಿಂಗ್. ಬಾಣವನ್ನೂ ತಾವೇ ಮಾಡಿಕೊಂಡರು. ಕಟ್ಟಡಗಳ ಸಂದಿಗೆ ತುಂಬುವ ಉದ್ದನೆಯ ಫೋಮ್ ಹುರಿಯನ್ನು ತುಂಡರಿಸಿ, ತುದಿ ಕೊರೆದು, ಭಾರಕ್ಕೊಂದು ಸಣ್ಣ ಗುಂಡು ಇಟ್ಟು, ಬಿಸಿ ಅಂಟು ಸುರಿದರೆ ‘ಸ್ಟೆಫಾನ್’ ಸಿದ್ಧ. ಅಂಗಡಿಯ ಬಾಣ ಸುಮಾರು 72 ಮಿಲಿಮೀಟರ್ ಉದ್ದ, ಒಂದು ಗ್ರಾಂ ತೂಕ. ವೇಗ ಹೆಚ್ಚಿದರೆ ಅದರ ಬಾಲ ಓಲಾಡಿ ದಿಕ್ಕು ತಪ್ಪುತ್ತದೆ. ಅರ್ಧಕ್ಕೆ ಕತ್ತರಿಸಿದರೆ ನೆಟ್ಟಗೆ ಹೋಗುತ್ತದೆ. ಇದನ್ನು ಕಂಡುಕೊಂಡದ್ದು ಕಂಪನಿಯವರಲ್ಲ, ಕತ್ತರಿ ಹಿಡಿದವರು.

ಈ ಕುಲಕ್ಕೆ ಬಯಲು ಒದಗಿಸಿದ್ದು ಮಗನ ಮನೆಯಿಂದ ದೂರವಿಲ್ಲದ ಗೌಚರ್ ಕಾಲೇಜು. 2005ರಲ್ಲಿ ಅಲ್ಲಿನ ಕ್ರಿಸ್ ವೀಡ್ ಮತ್ತು ಬ್ರಾಡ್ ಸ್ಯಾಪಿಂಗ್ಟನ್ ಎಂಬ ವಿದ್ಯಾರ್ಥಿಗಳು ‘ಮನುಷ್ಯರು ಮತ್ತು ಜೋಂಬಿಗಳು’ ಎಂಬ ಆಟ ಹುಟ್ಟುಹಾಕಿದರು. ನಮ್ಮ ಮುಟ್ಟಾಟವೇ, ಆದರೆ ದಿನಗಟ್ಟಲೆ ನಡೆಯುವಂಥದ್ದು. ಜೋಂಬಿ ಮುಟ್ಟಿದರೆ ಮನುಷ್ಯನೂ ಜೋಂಬಿ. ಫೋಮ್ ಬಾಣ ಅಥವಾ ಉಂಡೆ ಕಟ್ಟಿದ ಕಾಲುಚೀಲ ತಗುಲಿದರೆ ಜೋಂಬಿ 15 ನಿಮಿಷ ತೆಪ್ಪಗಿರಬೇಕು. ಆಟ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಮಕ್ಕಳ ಆಟಿಕೆ ಕೊಳ್ಳಲು ಕಾಲೇಜು ಹುಡುಗರು ನಿಂತರು. ಕೊಂಡ ಮೇಲೆ ಹಾಸ್ಟೆಲ್ ಮೇಜಿನ ಮೇಲೆ ಬಿಚ್ಚಿದರು.

ನಾನೂ ಬಿಚ್ಚಿದ್ದೆನಲ್ಲ, ಮುಚ್ಚಳ ಕಿತ್ತೆ. ಬಾಣ ನಿಜಕ್ಕೂ ದೂರ ಹೋಯಿತು. ಆಸೆ ಹತ್ತಿತು. ಸ್ಪ್ರಿಂಗಿನೊಳಗೆ ಇನ್ನೊಂದು ಸ್ಪ್ರಿಂಗ್ ತೂರಿಸಿದೆ. ನಾಲ್ಕನೆಯ ಸಲ ಹಿಡಿ ಎಳೆದಾಗ ದಂಟನ್ನು ಹಿಡಿದಿಡುವ ಕೊಕ್ಕೆ ಲಟಕ್ಕನೆ ಮುರಿಯಿತು. ತಪ್ಪು ಆಟಿಕೆಯದಲ್ಲ, ನನ್ನದೇ. ಕೂತು ಯೋಚಿಸಿದ ಮೇಲೆ ಮುಚ್ಚಳದ ಇನ್ನೊಂದು ಗುಣ ಹೊಳೆಯಿತು. ಬಾಣವಿಲ್ಲದೆ ಖಾಲಿ ಹೊಡೆದರೆ, ಮುಚ್ಚಳ ತಡೆದ ಗಾಳಿಯೇ ಮೆತ್ತೆಯಾಗಿ ದಂಟು ಬಡಿಯದಂತೆ ಕಾಯುತ್ತದೆ. ಮುಚ್ಚಳ ಕೀಳುವವನಿಗೆ ಅದನ್ನು ಯಾಕೆ ಇಟ್ಟಿದ್ದರು ಎಂಬುದು ಮೊದಲು ಗೊತ್ತಿರಬೇಕು. ಮೂವತ್ತು ವರ್ಷ ಹುಡುಗರಿಗೆ ಕೆಲಸ ಕಲಿಸುವಾಗ ಇದನ್ನೇ ಹೇಳಿದವನು ಆ ದಿನ ಮರೆತಿದ್ದೆ.

ಬಿಚ್ಚುವವರ ಕುಲವೂ ಹೀಗೆ ಮುರಿದುಕೊಂಡೇ ಕಲಿತದ್ದು. ಸ್ಪ್ರಿಂಗ್ ಗಟ್ಟಿಯಾದರೆ ಕೊಕ್ಕೆ ಮುರಿಯಿತು. ಕೊಕ್ಕೆ ಲೋಹದ್ದಾದರೆ ದಂಟು ಮುರಿಯಿತು. ಎಲ್ಲವನ್ನೂ ಬದಲಿಸಿದ ಮೇಲೆ ಹಳೆಯದೆಂದು ಉಳಿದದ್ದು ಹೊರಗಿನ ಚಿಪ್ಪು ಮಾತ್ರ. ಆ ಚಿಪ್ಪಾದರೂ ಯಾಕೆ ಎಂದು ಕೆಲವರು ಇಡೀ ಪಿಸ್ತೂಲನ್ನೇ 3ಡಿ ಪ್ರಿಂಟರ್‌ನಲ್ಲಿ ಮಾಡಿಕೊಂಡರು. ಸುತ್ತಿ ಬಳಸಿ ವಾಟೆ ಕಡಿಯುವಲ್ಲಿಗೇ ಬಂದಂತಾಯಿತು.

ಅಪಾಯವೂ ಇದೆ. 2017ರಲ್ಲಿ ಲಂಡನ್ನಿನ ಕಣ್ಣಿನ ವೈದ್ಯರು ಫೋಮ್ ಬಾಣದಿಂದ ಕಣ್ಣೊಳಗೆ ರಕ್ತಸ್ರಾವವಾದ ಮೂವರ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆಟದ ಬಂದೂಕನ್ನು ನಿಜದ್ದೆಂದು ತಿಳಿದು ಅನಾಹುತ ಆಗಬಾರದೆಂದು ಅಮೆರಿಕ 1988ರಲ್ಲೇ ಕಿತ್ತಳೆ ಬಣ್ಣದ ತುದಿಗಾಗಿ ಕಾನೂನು ತಂದಿತ್ತು. ಹುಡುಗ ಪಿಸ್ತೂಲಿಗೆಲ್ಲ ಹೊಸ ಬಣ್ಣ ಬಳಿದ, ಆ ತುದಿಯೊಂದನ್ನು ಮುಟ್ಟಲಿಲ್ಲ. ಕನ್ನಡಕ ಹಾಕದೆ ನನ್ನನ್ನೂ ಹತ್ತಿರ ಬಿಡಲಿಲ್ಲ.

ಕಂಪನಿಯೇನು ಕಣ್ಣು ಮುಚ್ಚಿ ಕೂತಿರಲಿಲ್ಲ. 2012ರ ‘ಎಲೀಟ್’ ಸಾಲಿಗೆ 75 ಅಡಿ ದೂರದ ಜಾಹೀರಾತು ಕೊಟ್ಟಿತು. 2015ರ ‘ರೈವಲ್’ ಸೆಕೆಂಡಿಗೆ 100 ಅಡಿ ವೇಗದಲ್ಲಿ ಫೋಮ್ ಗುಂಡು ಹಾರಿಸಿತು. ಬಿಚ್ಚುವವರು ಬಹಳ ಮೆಚ್ಚಿದ್ದ ‘ಸ್ಟ್ರೈಫ್’ ಮಾದರಿ 2023ರ ಕೊನೆಗೆ ‘ನರ್ಫ್ ಪ್ರೋ’ ಎಂಬ ಹೆಸರು ಹೊತ್ತು ಮತ್ತೆ ಬಂತು. ಅದಕ್ಕೆ ಹಾಕುವುದು ಅರ್ಧ ಅಳತೆಯ ಬಾಣ! ಕತ್ತರಿ ಹಿಡಿದವರ ವಿದ್ಯೆ ಡಬ್ಬಿಯಲ್ಲಿ ಕೂತು ಅಂಗಡಿ ಸೇರಿತು.

‘ಅದನ್ನೇ ಕೊಂಡರಾಯ್ತಲ್ಲ?’ ಅಂದೆ. ಹುಡುಗ ಉತ್ತರ ಕೊಡಲಿಲ್ಲ. ಮುರಿದ ಕೊಕ್ಕೆಗೆ ಹಳೇ ಬೀಗದ ತಗಡೊಂದನ್ನು ಅರದಿಂದ ಉಜ್ಜುತ್ತಿದ್ದ.

ಎರಡು ದಿನ ಹಿಡಿಯಿತು. ಹೆಚ್ಚಿನ ಸ್ಪ್ರಿಂಗ್ ತೆಗೆದು, ತಗಡಿನ ಕೊಕ್ಕೆ ಕೂರಿಸಿ, ಎರಡು ಹೋಳನ್ನು ಸೇರಿಸಿದೆವು. ನೋಡಿದರೆ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಅಂಗಡಿಯಲ್ಲಾಗಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹುಡುಗ ಅದನ್ನೆತ್ತಿ ಜೇಬಿಗೆ ಹಾಕಿಕೊಂಡ.

‘ಇರ್ಲಿ ಬಿಡಜ್ಜ. ಮುಂದಿನ ಸಲ ಬಿಚ್ಚೋವಾಗ ಒಂದು ಕಡಿಮೆ.’